ಬ್ಯಾಕ್‌ಡೇಟ್ ಮಾಡಿದ ಇತಿಹಾಸ, ಮತ್ತೆ ನಮ್ಮ ಹುಡುಗರು

ಉದ್ದದ ಪೋಸ್ಟು. ಪುರುಸೊತ್ತಾದಾಗ ಓದಿ. ಬೈಯೋದಾದರೆ ಪೂರ್ತಿ ಓದಿದ ಮೇಲೆ ಬೈಯಿರಿ.

ಕಳೆದ ವಾರ ಒಂದೇ ದಿನ ಎರಡು ಸಂಗತಿ ನಡೆದವು. ಬೆಳಿಗ್ಗೆ ಹನ್ನೊಂದರ ಟೀ ಹೊತ್ತಲ್ಲಿ ನಮ್ಮ ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ಮೊಬೈಲ್ ಮುಂದೆ ಹಿಡಿದು, "ನೋಡ್ರೀ, ನಿಮ್ಮ ಬುದ್ಧ ಹುಟ್ಟಿದ್ದು ಕ್ರಿ.ಪೂ. 1887ರಲ್ಲಂತೆ. ಬ್ರಿಟಿಷರು 1300 ವರ್ಷ ನುಂಗಿ ನೀರು ಕುಡಿದಿದಾರೆ. ನೀವೇ ಖುಷಿ ಪಡಬೇಕು, ನಿಮ್ಮೋನನ್ನ ಇನ್ನೂ ಹಳಬನನ್ನಾಗಿ ಮಾಡಿದೀವಿ" ಅಂದರು. ಒಳ್ಳೆಯ ಮನುಷ್ಯರೇ, ರಜೆ ಬೇಕಾದಾಗ ನನ್ನ ಟೇಬಲ್ಲೂ ನೋಡಿಕೊಳ್ತಾರೆ. ನಕ್ಕು ಸುಮ್ಮನಾದೆ.

ರಾತ್ರಿ ನಮ್ಮದೇ ಗ್ರೂಪಿನಲ್ಲಿ ನಮ್ಮದೇ ಹುಡುಗನೊಬ್ಬ ಒಂದು ಪೋಸ್ಟರ್ ಹಾಕಿದ. ನೀಲಿ ಬಣ್ಣ, ದಪ್ಪ ಅಕ್ಷರ. "ಋಗ್ವೇದ ಬರೆದದ್ದೇ ಕ್ರಿ.ಶ. 1464ರಲ್ಲಿ! ಯುನೆಸ್ಕೋ ದಾಖಲೆ! ಬುದ್ಧನ ಕಾಲದಲ್ಲಿ ವೇದವೂ ಇರಲಿಲ್ಲ, ಸಂಸ್ಕೃತವೂ ಇರಲಿಲ್ಲ, ಬ್ರಾಹ್ಮಣರೂ ಇರಲಿಲ್ಲ!" ಕೆಳಗೆ ಜೈಭೀಮ್ ಮೇಲೆ ಜೈಭೀಮ್. "ಇದು ತಪ್ಪು ಕಣಪ್ಪ" ಅಂತ ಒಂದು ಸಾಲು ಬರೆದೆ. "ಅಣ್ಣ, ನೀವು ಯಾರ ಕಡೆ?" ಅಂತ ಬಂತು. ಇನ್ನೊಬ್ಬ ಇನ್ನೂ ಮುಂದೆ ಹೋಗಿ ಏನೋ ಅಂದ, ಅದನ್ನ ಇಲ್ಲಿ ಬರೆಯಲ್ಲ.

ಬೆಳಿಗ್ಗೆ ಆ ಸಾಹೇಬರಿಗೆ ಹೇಳಬೇಕಾಗಿದ್ದದ್ದು, ರಾತ್ರಿ ಈ ತಮ್ಮಂದಿರಿಗೆ ಹೇಳಬೇಕಾಗಿದ್ದದ್ದು, ಎರಡೂ ಒಂದೇ ಅಂತ ಆಮೇಲೆ ಹೊಳೆಯಿತು.

ನಾನು ಇತಿಹಾಸಕಾರ ಅಲ್ಲ. ಬಿ.ಎ. ಓದಿದ ಗುಮಾಸ್ತ. ಕಡತ, ಟಪಾಲು, ಆವಕ-ಜಾವಕ ಇದೇ ನನ್ನ ಲೋಕ. ಆದರೆ ತಾರೀಖಿನ ವಿಷಯದಲ್ಲಿ ಗುಮಾಸ್ತನಿಗೆ ಗೊತ್ತಿರೋದು ಕೆಲವು ಪ್ರೊಫೆಸರುಗಳಿಗೂ ಗೊತ್ತಿರಲ್ಲ. ಒಂದು ಕಾಗದಕ್ಕೆ ಹಿಂದಿನ ತಾರೀಖು ಯಾಕೆ ಹಾಕ್ತಾರೆ, ಹಾಕಿದ್ದು ಹೇಗೆ ಸಿಕ್ಕಿಬೀಳುತ್ತೆ ಅನ್ನೋದನ್ನ ದಿನಾ ನೋಡೋರು ನಾವು. ಸುಮ್ಮಸುಮ್ಮನೆ ಯಾರೂ ಬ್ಯಾಕ್‌ಡೇಟ್ ಮಾಡಲ್ಲ. ಹಕ್ಕು ಸಾಧಿಸೋಕೆ ಮಾಡ್ತಾರೆ. "ನಾವು ಮೊದಲಿಂದ ಇದ್ದೋರು, ನೀವು ಆಮೇಲೆ ಬಂದೋರು" ಅಂತ ತೋರಿಸೋಕೆ ಮಾಡ್ತಾರೆ.

ನಮ್ಮ ಕೇರಿಯ ಒಬ್ಬ ಅಜ್ಜಿಯ ಎರಡು ಎಕರೆ ಗ್ರ್ಯಾಂಟ್ ಜಮೀನಿನ ಕೇಸು ನೆನಪಾಗುತ್ತೆ. ಪಿಟಿಸಿಎಲ್ ಕಾಯ್ದೆ ಕೆಳಗೆ ಅರ್ಜಿ ಹಾಕಿದ್ವಿ. ಎದುರು ಪಾರ್ಟಿ ಒಂದು ಹಳೇ ಕರಾರು ಪತ್ರ ತಂದಿಟ್ಟರು. 1969ನೇ ಇಸವಿದು ಅಂತೆ. ಕಾಗದ ಹಳದಿ ಆಗಿತ್ತು, ಮಡಿಕೆ ಹರಿದಿತ್ತು, ಹೆಬ್ಬೆಟ್ಟು ಮಸುಕಾಗಿತ್ತು. ನೋಡಿದರೆ ಯಾರಾದರೂ ನಂಬಬೇಕು. ಒಳಗೆ ಮೂರನೇ ಸಾಲಲ್ಲಿ "ಕರ್ನಾಟಕ ರಾಜ್ಯ" ಅಂತ ಬರೆದಿತ್ತು. ನಮ್ಮ ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಅದಕ್ಕೂ ಮುಂಚೆ ಮೈಸೂರು ರಾಜ್ಯ. ನಾಲ್ಕು ವರ್ಷ ಮೊದಲೇ ಆ ಪುಣ್ಯಾತ್ಮನಿಗೆ ಹೆಸರು ಗೊತ್ತಾಗಿಬಿಟ್ಟಿತ್ತು!

ಬ್ಯಾಕ್‌ಡೇಟ್ ಮಾಡೋನು ತನ್ನ ಕಾಗದವನ್ನ ತಿದ್ದಬಲ್ಲ. ತನ್ನ ಕಾಲದ ಮಾತನ್ನ ಬಾಯಿಂದ ತೆಗೆಯೋದು ಅವನಿಗೆ ಕಷ್ಟ. ಬೇರೆ ಆಫೀಸಿನ ರಿಜಿಸ್ಟರ್ ತಿದ್ದೋದಂತೂ ಆಗೋದೇ ಇಲ್ಲ.

ಇದು ಈ ಕಾಲದ ಚಾಳಿ ಅಂದುಕೋಬೇಡಿ. ನಮ್ಮ ತುಂಗಭದ್ರಾ ಸೀಮೆಯಲ್ಲೇ ಜನಮೇಜಯನ ಹೆಸರಲ್ಲಿ ತಾಮ್ರಶಾಸನಗಳು ಸಿಕ್ಕಿವೆ. ಹೌದು, ಅದೇ ಮಹಾಭಾರತದ ಪರೀಕ್ಷಿತನ ಮಗ ಜನಮೇಜಯ, ಸರ್ಪಯಾಗ ಮಾಡಿದವನು. ಹಸ್ತಿನಾಪುರದ ಆ ದೊರೆ ನಮ್ಮ ಮಲೆನಾಡು ಕಡೆಯ ಬ್ರಾಹ್ಮಣರಿಗೆ ಅಗ್ರಹಾರ ದಾನ ಕೊಟ್ಟ ಅಂತ ಅದರಲ್ಲಿದೆ. ಬಿ.ಎಲ್. ರೈಸ್ ಇವನ್ನ ಪ್ರಕಟಿಸಿದರು. ಜೆ.ಎಫ್. ಫ್ಲೀಟ್ ಇವು ಖೋಟಾ ಅಂತ ಪಟ್ಟಿಗೆ ಹಾಕಿದರು. ಲಿಪಿ, ಭಾಷೆ ಎರಡೂ ಬಹಳ ಈಚಿನವು. ಅಂದರೆ ಐದು ಸಾವಿರ ವರ್ಷದ ಹಿಂದಿನ ದೊರೆ, ಅವನ ಕಾಲಕ್ಕೆ ಹುಟ್ಟೇ ಇರದಿದ್ದ ಅಕ್ಷರದಲ್ಲಿ ಸಹಿ ಹಾಕಿದ್ದ. ಅಜ್ಜಿಯ ಜಮೀನಿನ "ಕರ್ನಾಟಕ ರಾಜ್ಯ"ಕ್ಕೂ ಇದಕ್ಕೂ ಏನಾದರೂ ವ್ಯತ್ಯಾಸ ಇದೆಯಾ? ಅಲ್ಲೂ ಭೂಮಿ, ಇಲ್ಲೂ ಭೂಮಿ.

ಈಗ ಸಾಹೇಬರ 1887ಕ್ಕೆ ಬರ್ತೀನಿ. ಈ ಲೆಕ್ಕ ವಾಟ್ಸಾಪಲ್ಲಿ ಹುಟ್ಟಿದ್ದಲ್ಲ. ಆಂಧ್ರದ ಕೋಟ ವೆಂಕಟಾಚಲಂ ಅನ್ನೋ ಪಂಡಿತರು 1950ರ ದಶಕದಲ್ಲಿ ಪುಸ್ತಕಗಳ ಮೇಲೆ ಪುಸ್ತಕ ಬರೆದರು. ಪುರಾಣದ ರಾಜರ ಪಟ್ಟಿಯನ್ನ ಕ್ರಿ.ಪೂ. 3102ರ ಕಲಿಯುಗದಿಂದ ಸಾಲಾಗಿ ಜೋಡಿಸಿಕೊಂಡು ಬಂದರೆ ಬುದ್ಧ ಕ್ರಿ.ಪೂ. 1887ಕ್ಕೆ ಬರ್ತಾನೆ, ಅಶೋಕ 1472ಕ್ಕೆ ಬರ್ತಾನೆ. ಅಲೆಕ್ಸಾಂಡರ್ ಬಂದಾಗ ಇದ್ದವರು ಮೌರ್ಯರಲ್ಲ, ಗುಪ್ತರು. 1793ರಲ್ಲಿ ವಿಲಿಯಂ ಜೋನ್ಸ್, ಗ್ರೀಕರು ಹೇಳುವ ಸಾಂಡ್ರಕೋಟಸ್ ಅಂದರೆ ಚಂದ್ರಗುಪ್ತ ಮೌರ್ಯ ಅಂತ ಗುರುತಿಸಿದ್ದು ದೊಡ್ಡ ಪಿತೂರಿ. ಇದು ಅವರ ವಾದ. ಇವತ್ತು ಯೂಟ್ಯೂಬಲ್ಲಿ ಕೋಟು ಹಾಕಿಕೊಂಡು ಹೇಳ್ತಿರೋರೆಲ್ಲ ಇದನ್ನೇ ಬಿಸಿ ಮಾಡಿ ಬಡಿಸ್ತಿರೋದು.

ಸರಿ, ಹಾಗಾದರೆ ಬೇರೆ ಆಫೀಸಿನ ರಿಜಿಸ್ಟರ್ ತೆಗೆಯೋಣ.

ಅಶೋಕ ತನ್ನ 13ನೇ ಬಂಡೆಶಾಸನದಲ್ಲಿ ತನ್ನ ಕಾಲದ ಐದು ಜನ ದೊರೆಗಳ ಹೆಸರು ಬರೆಸಿದ್ದಾನೆ. ಅಂತಿಯೋಕ, ತುರಮಾಯ, ಅಂತಿಕಿನಿ, ಮಕ, ಅಲಿಕಸುಂದರ. ಸಿರಿಯಾದ ಆಂಟಿಯೋಕಸ್, ಈಜಿಪ್ಟಿನ ಟಾಲೆಮಿ, ಮ್ಯಾಸಿಡೋನಿಯಾದ ಆಂಟಿಗೋನಸ್, ಸೈರೀನಿನ ಮಗಾಸ್, ಮತ್ತೆ ಒಬ್ಬ ಅಲೆಕ್ಸಾಂಡರ್ (ದಂಡೆತ್ತಿ ಬಂದವನಲ್ಲ, ಅದೇ ಹೆಸರಿನ ಇನ್ನೊಬ್ಬ). ಇವರದ್ದೆಲ್ಲ ನಾಣ್ಯ ಇದೆ, ಅವರವರ ದೇಶದ ದಾಖಲೆ ಇದೆ. ಈ ಐವರೂ ಒಟ್ಟಿಗೆ ಬದುಕಿದ್ದ ಕಾಲ ಅಂತ ಒಂದೇ ಒಂದು ಸಣ್ಣ ಕಿಂಡಿ ಇದೆ, ಕ್ರಿ.ಪೂ. 3ನೇ ಶತಮಾನದ ನಡುಭಾಗ. ಜೋನ್ಸ್ ಹೇಳಿದ್ದು ಹಾಳಾಗಿ ಹೋಗಲಿ, ಅವನು ಹುಟ್ಟದೇ ಇದ್ದಿದ್ದರೂ ಅಶೋಕ ಇಲ್ಲಿಗೇ ಬಂದು ನಿಲ್ತಿದ್ದ. ಅಷ್ಟಕ್ಕೂ ಜೋನ್ಸ್ ಕಾಲದಲ್ಲಿ ಬ್ರಾಹ್ಮಿ ಓದೋಕೆ ಯಾರಿಗೂ ಬರ್ತಿರಲಿಲ್ಲ. ಪ್ರಿನ್ಸೆಪ್ ಅದನ್ನ ಓದಿದ್ದು 1837ರಲ್ಲಿ. ಅಂದರೆ ಜೋನ್ಸನ ಊಹೆ ಮೊದಲು ಬಂತು, ಅದಕ್ಕೆ ಸಂಬಂಧವೇ ಇಲ್ಲದ ಕಡೆಯಿಂದ ಬಂಡೆ ಸಾಕ್ಷಿ ಹೇಳಿದ್ದು ಆಮೇಲೆ.

ವೆಂಕಟಾಚಲಂ ಅವರಿಗೂ ಈ ಐದು ಹೆಸರು ಗೊತ್ತಿತ್ತು. ಅವರೆಲ್ಲ ನಮ್ಮ ಗಡಿಯಲ್ಲೇ ಇದ್ದ ಭಾರತದ ಯವನರು ಅಂತ ಜಾರಿಕೊಂಡರು. ಆದರೆ 1958ರಲ್ಲಿ ಅಫ್ಘಾನಿಸ್ತಾನದ ಕಂದಹಾರದಲ್ಲಿ ಅಶೋಕನ ಇನ್ನೊಂದು ಶಾಸನ ಸಿಕ್ಕಿತು. ಅದು ಎರಡು ಭಾಷೆಯಲ್ಲಿದೆ, ಗ್ರೀಕ್ ಮತ್ತು ಅರಮೇಯಿಕ್. ಗ್ರೀಕ್ ಭಾಷೆ, ಗ್ರೀಕ್ ಅಕ್ಷರ. ಆ ಅಕ್ಷರಮಾಲೆ ಹುಟ್ಟಿದ್ದೇ ಹೆಚ್ಚೂಕಮ್ಮಿ ಕ್ರಿ.ಪೂ. 8ನೇ ಶತಮಾನದಲ್ಲಿ. ಕ್ರಿ.ಪೂ. 1472ರ ಅಶೋಕ ಅದರಲ್ಲಿ ಹೇಗೆ ಬರೆಸಿದ? ಮತ್ತೆ ಅದೇ ಜನಮೇಜಯನ ಕಥೆ, ಅದೇ "ಕರ್ನಾಟಕ ರಾಜ್ಯ".

ನಮ್ಮ ಕಡೆಯ ಸಾಕ್ಷಿಯೇನು ಕಮ್ಮಿ ಇಲ್ಲ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಶಾಸನಗಳನ್ನ ರೈಸ್ 1892ರಲ್ಲಿ ಪತ್ತೆ ಮಾಡಿದರು. ಅಲ್ಲಿವರೆಗೆ ಸಿಕ್ಕಿದ್ದ ಶಾಸನಗಳಲ್ಲೆಲ್ಲ "ದೇವಾನಾಂಪಿಯ", "ಪಿಯದಸಿ" ಅಂತ ಮಾತ್ರ ಇತ್ತು. ಅವನೇ ಅಶೋಕ ಅನ್ನೋದು ಸಿಂಹಳದ ಗ್ರಂಥಗಳಿಂದ ತಿಳಿದ ವಿಷಯ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಅದಿರು ಹುಡುಕ್ತಿದ್ದ ಬೀಡನ್ ಅನ್ನೋ ಇಂಜಿನಿಯರ್ ಕಣ್ಣಿಗೆ ಬಿದ್ದ ಬಂಡೆಯಲ್ಲಿ ನೇರವಾಗಿ "ಅಸೋಕ" ಅಂತ ಹೆಸರೇ ಇತ್ತು. ಸನ್ನತಿ ಹತ್ತಿರ ಕನಗನಹಳ್ಳಿ ಸ್ತೂಪದಲ್ಲಿ ರಾಜ ರಾಣಿಯರ ಶಿಲ್ಪದ ಮೇಲೆ "ರಾಯ ಅಸೋಕೋ" ಅಂತ ಬರೆದಿದೆ. ಎಂಥ ನೆಲ ನಮ್ಮದು ನೋಡಿ. ಚಿನ್ನ ಹುಡುಕೋಕೆ ಹೋದವನಿಗೆ ಅಶೋಕ ಸಿಕ್ಕ.

ಇನ್ನು ಐಹೊಳೆ. ಈ ಸಿದ್ಧಾಂತದವರು ಎಲ್ಲಿ ಹೋದರೂ ಐಹೊಳೆ ಶಾಸನ ಎತ್ತಿ ತೋರಿಸ್ತಾರೆ. ಮೇಗುಟಿ ಬಸದಿಯಲ್ಲಿ ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿ ಬರೆದದ್ದು. ಅದರಲ್ಲಿ ಭಾರತ ಯುದ್ಧ ಆಗಿ 3735 ವರ್ಷ, ಶಕರ ಕಾಲದ 556 ವರ್ಷ ಅಂತ ಎರಡೂ ಲೆಕ್ಕ ಇದೆ. "ನೋಡಿ, ಮಹಾಭಾರತಕ್ಕೆ ಕಲ್ಲಿನ ಸಾಕ್ಷಿ!" ಅಂತಾರೆ. ಸ್ವಲ್ಪ ತಾಳಿ. ರವಿಕೀರ್ತಿ ಬರೆದದ್ದು ಕ್ರಿ.ಶ. 634ರಲ್ಲಿ. ಮೂರು ಸಾವಿರದ ಏಳುನೂರು ವರ್ಷದ ಹಿಂದೆ ಏನಾಯ್ತು ಅನ್ನೋದಕ್ಕೆ ಅವನು ಸಾಕ್ಷಿ ಆಗಲ್ಲ. 7ನೇ ಶತಮಾನದ ಓದಿದವರು ಏನು ನಂಬಿದ್ದರು ಅನ್ನೋದಕ್ಕೆ ಸಾಕ್ಷಿ, ಅಷ್ಟೇ. ಅವನಿಗಿಂತ ಮುಂಚೆ 499ರಲ್ಲಿ ಆರ್ಯಭಟ ಕಲಿಯುಗದ 3600 ವರ್ಷ ಮುಗಿಯಿತು ಅಂತ ಖಗೋಳದ ಲೆಕ್ಕ ಹಾಕಿದ್ದ. ಆ ಲೆಕ್ಕವೇ ಇಲ್ಲೂ ಕಾಣೋದು. ಸಂಪ್ರದಾಯದವರಲ್ಲೇ ಒಮ್ಮತ ಇಲ್ಲ. ಕಾಶ್ಮೀರದ ಕಲ್ಹಣ, ಪಾಂಡವರು ಇದ್ದದ್ದು ಕಲಿಯುಗ ಶುರುವಾಗಿ 653 ವರ್ಷ ಆದಮೇಲೆ ಅಂತಾನೆ.

ಮಜಾ ಇರೋದು ಇನ್ನೊಂದು ಕಡೆ. ಇದೇ ಪಂಗಡದವರಿಗೆ ಶಕ ವರ್ಷ ತೊಡಕಾಗುತ್ತೆ. ಅದಕ್ಕೆ ವರಾಹಮಿಹಿರ ಹೇಳೋ ಶಕ ಕ್ರಿ.ಶ. 78ರದ್ದಲ್ಲ, ಪರ್ಷಿಯಾದ ಸೈರಸ್ ದೊರೆಯದು, ಕ್ರಿ.ಪೂ. 550ರದ್ದು ಅಂತಾರೆ. ಹಾಗಾದರೆ ಅವರೇ ಎತ್ತಿ ತೋರಿಸೋ ಐಹೊಳೆ ಶಾಸನ ಏನನ್ನುತ್ತೆ? 3735ರಲ್ಲಿ 556 ಕಳೆಯಿರಿ, 3179. ಕಲಿಯುಗದ ಶುರು ಕ್ರಿ.ಪೂ. 3102 ಅಂತ ಅವರೇ ಹೇಳ್ತಾರಲ್ಲ, ಅಲ್ಲಿಂದ 3179 ವರ್ಷ ಎಣಿಸಿಕೊಂಡು ಬನ್ನಿ. ಕ್ರಿ.ಶ. 78ಕ್ಕೆ ಬಂದು ನಿಲ್ತೀರಿ. ಸೈರಸ್ ಎಲ್ಲೂ ಸಿಗಲ್ಲ. ಅವರ ದಾಖಲೆಯೇ ಅವರ ವಿರುದ್ಧ ಸಾಕ್ಷಿ ಹೇಳ್ತಿದೆ. ಅದೇ ಶಾಸನ ಹರ್ಷನನ್ನ ಪುಲಕೇಶಿ ಸೋಲಿಸಿದ ಅನ್ನುತ್ತೆ. ಆ ಹರ್ಷನನ್ನ ಕಂಡು, ಪುಲಕೇಶಿಯ ನಾಡಿನ ಬಗ್ಗೆಯೂ ಬರೆದಿಟ್ಟವನು ಚೀನಾದ ಬೌದ್ಧ ಭಿಕ್ಕು ಹ್ಯೂಯೆನ್‌ತ್ಸಾಂಗ್. ಚೀನಾದ್ದು ಇನ್ನೊಂದು ಆಫೀಸು, ಅಲ್ಲಿಯ ರಿಜಿಸ್ಟರೂ ತಾಳೆ ಆಗುತ್ತೆ.

"ಬ್ರಿಟಿಷರು ಬೈಬಲ್ ಪ್ರಕಾರ ಕ್ರಿ.ಪೂ. 4004ಕ್ಕೆ ಲೋಕ ಹುಟ್ಟಿತು ಅಂತ ನಂಬಿದ್ದರು, ಅದಕ್ಕೇ ನಮ್ಮ ಇತಿಹಾಸ ಕುಗ್ಗಿಸಿದರು" ಅಂತ ಕೇಳ್ತಾರೆ. ಅರ್ಧ ನಿಜ. ಜೋನ್ಸನಂಥವರು ಬೈಬಲ್ ಲೆಕ್ಕ ನಂಬಿದ್ದರು, ಅವರಿಗೆ ಅವರದೇ ಪೂರ್ವಗ್ರಹ ಇತ್ತು. ನಮ್ಮ ಬಗ್ಗೆ ಅವರು ಬರೆದದ್ದನ್ನೆಲ್ಲ ಕಣ್ಣಿಗೊತ್ತಿಕೊಳ್ಳೋಕೆ ನಾನೂ ತಯಾರಿಲ್ಲ. ಆದರೆ 1924ರಲ್ಲಿ ಹರಪ್ಪ, ಮೊಹೆಂಜೊದಾರೊ ಸುದ್ದಿಯನ್ನ ಲೋಕಕ್ಕೆ ಹೇಳಿ, ಈ ದೇಶದ ಇತಿಹಾಸವನ್ನ ಒಂದೇ ಏಟಿಗೆ ಸಾವಿರಾರು ವರ್ಷ ಹಿಂದಕ್ಕೆ ಒಯ್ದವನು ಜಾನ್ ಮಾರ್ಷಲ್. ಅವನೂ ಬ್ರಿಟಿಷನೇ. ಕುಗ್ಗಿಸೋ ಪಿತೂರಿಯವರು ಅದನ್ನ ಮುಚ್ಚಿಡಬೇಕಾಗಿತ್ತಲ್ಲ?

ಇನ್ನು ಕಂಪ್ಯೂಟರಲ್ಲಿ ನಕ್ಷತ್ರ ತಿರುಗಿಸಿ ತಾರೀಖು ಹೇಳೋರು ಇದ್ದಾರೆ. ಒಬ್ಬರು ರಾಮ ಹುಟ್ಟಿದ್ದು ಕ್ರಿ.ಪೂ. 5114 ಜನವರಿ 10 ಅಂತಾರೆ. ಇನ್ನೊಬ್ಬರು ಕುರುಕ್ಷೇತ್ರ ಯುದ್ಧ ನಡೆದದ್ದು ಕ್ರಿ.ಪೂ. 5561ರಲ್ಲಿ ಅಂತಾರೆ. ಎರಡನ್ನೂ ಒಂದೇ ಗ್ರೂಪಿನಲ್ಲಿ ಒಂದೇ ಜನ ಫಾರ್ವರ್ಡ್ ಮಾಡ್ತಾರೆ. ಎರಡೂ ನಿಜ ಆದರೆ ಮಹಾಭಾರತ ಮುಗಿದು ನಾಲ್ಕುನೂರು ವರ್ಷ ಆದಮೇಲೆ ರಾಮ ಹುಟ್ಟಿದ. ಹನುಮಂತ ಅರ್ಜುನನ ಬಾವುಟದ ಮೇಲೆ ಮೊದಲು ಕೂತು, ಆಮೇಲೆ ಲಂಕೆಗೆ ಹಾರಿದ.

ಹೊರದೇಶದಲ್ಲೂ ಇಂಥವರಿಗೆ ಬರ ಇಲ್ಲ. ರಷ್ಯಾದ ಗಣಿತಜ್ಞ ಫೊಮೆಂಕೊ ಗ್ರೀಸು, ರೋಮು ಎಲ್ಲ ಮಧ್ಯಯುಗದಲ್ಲಿ ನಡೆದದ್ದರ ನಕಲು ಅಂತಾನೆ. ಜರ್ಮನಿಯ ಇಲಿಗ್ ಕ್ರಿ.ಶ. 614ರಿಂದ 911ರವರೆಗಿನ ಕಾಲ ನಡೆದೇ ಇಲ್ಲ, ಕ್ಯಾಲೆಂಡರಿಗೆ ಸುಮ್ಮನೆ ಸೇರಿಸಿದ್ದು ಅಂತಾನೆ. ಅವರು ಯುರೋಪಿನ ದೊರೆಗಳ ಬಗ್ಗೆ ತಲೆ ಕೆಡಿಸಿಕೊಂಡರು. ನಮ್ಮ ಐಹೊಳೆ ಶಾಸನ, ಅಮೋಘವರ್ಷ ನೃಪತುಂಗ ಆಳಿದ 64 ವರ್ಷ, ಎಲ್ಲವೂ ಆ "ನಡೆಯದ" ಕಾಲದ ಒಳಗೇ ಬರುತ್ತೆ ಅನ್ನೋದು ಪಾಪ ಅವರಿಗೆ ಹೊಳೆದಿರಲಿಕ್ಕಿಲ್ಲ. ಅಲ್ಲಿ ಕತ್ತರಿಸ್ತಾರೆ, ಇಲ್ಲಿ ಎಳೀತಾರೆ. ಆದರೆ ಅಲ್ಲಿಯ ಹುಚ್ಚಿನಿಂದ ಯಾರ ಕೇರಿಗೂ ನೀರು ನಿಲ್ಲಲ್ಲ. ಇಲ್ಲಿ ಹಾಗಲ್ಲ. ಅದಕ್ಕೇ ಇಷ್ಟು ಬರೀತಿರೋದು.

ಈ ಎಳೆದಾಟದಿಂದ ಯಾರಿಗೆ ಏನು ಲಾಭ? ಶಂಕರಾಚಾರ್ಯರದ್ದನ್ನೇ ನೋಡಿ. ವಿದ್ವಾಂಸರು ಅವರನ್ನ ಹೆಚ್ಚೂಕಮ್ಮಿ 8ನೇ ಶತಮಾನಕ್ಕೆ ಇಡ್ತಾರೆ. ಕಾರಣ ಸರಳ. 7ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯ ವಾದವನ್ನ ಎತ್ತಿಕೊಂಡು ಶಂಕರರು ಖಂಡಿಸ್ತಾರೆ. ಧರ್ಮಕೀರ್ತಿ ಹುಟ್ಟೋಕೆ ಮುಂಚೆ ಅವನಿಗೆ ಉತ್ತರ ಕೊಡೋಕೆ ಆಗಲ್ಲವಲ್ಲ. ಆದರೆ 1916ರಲ್ಲಿ ಟಿ.ಎಸ್. ನಾರಾಯಣ ಶಾಸ್ತ್ರಿ ಅನ್ನೋರು ಶಂಕರರು ಹುಟ್ಟಿದ್ದು ಕ್ರಿ.ಪೂ. 509 ಅಂತ ಪುಸ್ತಕ ಬರೆದರು. ಇವತ್ತೂ ಅದನ್ನ ನಂಬೋರು ಇದ್ದಾರೆ. ಶಂಕರರು ಬೌದ್ಧರನ್ನ ವಾದದಲ್ಲಿ ಸೋಲಿಸಿ ಓಡಿಸಿದರು ಅನ್ನೋ ಕಥೆ ನಮಗೆಲ್ಲ ಗೊತ್ತು. ಈಗ ಎರಡನ್ನೂ ಸೇರಿಸಿ ನೋಡಿ. ಕ್ರಿ.ಪೂ. 500ರ ಹೊತ್ತಿಗೇ ಬೌದ್ಧ ಧರ್ಮ ಈ ದೇಶದಲ್ಲಿ ಮುಗಿದ ಅಧ್ಯಾಯ. ನಡುವೆ ಬಂದು ಹೋದ ಒಂದು ಸಣ್ಣ ಗಲಾಟೆ.

ಆದರೆ ಕಲ್ಲು ಹೇಳೋದು ಬೇರೆ. ಸನ್ನತಿ ಸ್ತೂಪ ಇದೆ. ಹ್ಯೂಯೆನ್‌ತ್ಸಾಂಗ್ ಕಂಡ ವಿಹಾರಗಳಿವೆ. ಬಳ್ಳಿಗಾವೆಯಲ್ಲಿ 1065ರಲ್ಲಿ ಬೌದ್ಧ ವಿಹಾರ ಕಟ್ಟಿಸಿದ ಶಾಸನ ಇದೆ. ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಶಾಸನ ತಾರಾದೇವಿಯ ಗುಡಿಗೂ ವಿಹಾರಕ್ಕೂ ದಾನ ಕೊಟ್ಟದ್ದನ್ನ ಹೇಳುತ್ತೆ. ಅಶೋಕನಿಂದ ಡಂಬಳದವರೆಗೆ ಹದಿಮೂರು ಶತಮಾನಕ್ಕೂ ಹೆಚ್ಚು ಕಾಲ ಬುದ್ಧ ಈ ಕನ್ನಡ ನೆಲದಲ್ಲಿ ಇದ್ದ. ಬಸವಣ್ಣ ಹುಟ್ಟೋಕೆ ಕೆಲವೇ ದಶಕ ಮುಂಚಿನವರೆಗೂ ಇದ್ದ. ತಾರೀಖು ಎಳೆದರೆ ಅಳಿಸಿಹೋಗೋದು ಇದು. ಅದಕ್ಕೇ ನಮ್ಮ ಸಾಹೇಬರು "ನಿಮ್ಮೋನನ್ನ ಹಳಬನನ್ನಾಗಿ ಮಾಡಿದೀವಿ" ಅಂದಾಗ ನನಗೆ ಖುಷಿ ಆಗಲಿಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಬಾಬಾಸಾಹೇಬರು 1948ರಲ್ಲಿ ಅಸ್ಪೃಶ್ಯರ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಇಡೀ ಭಾಗವನ್ನ ಒಂದೇ ಪ್ರಶ್ನೆಗೆ ಮೀಸಲಿಟ್ಟರು. ಅಸ್ಪೃಶ್ಯತೆ ಹುಟ್ಟಿದ್ದು ಯಾವಾಗ? ಧರ್ಮಸೂತ್ರ ನೋಡಿದರು, ಮನುಸ್ಮೃತಿ ನೋಡಿದರು, ಚೀನೀ ಯಾತ್ರಿಕರು ಬರೆದದ್ದನ್ನ ನೋಡಿದರು. ಬರೇ ಅಶುದ್ಧ ಅನ್ನಿಸಿಕೊಳ್ಳೋದು ಬೇರೆ, ಅಸ್ಪೃಶ್ಯ ಅನ್ನಿಸಿಕೊಳ್ಳೋದು ಬೇರೆ ಅಂತ ಬಿಡಿಸಿ ತೋರಿಸಿದರು. ಕೊನೆಗೆ ಸುಮಾರು ಕ್ರಿ.ಶ. 400ರ ಹೊತ್ತಿಗೆ ಅಂತ ಕಾಲ ನಿಗದಿ ಮಾಡಿದರು. ಅವರ ವಾದವನ್ನ ಒಪ್ಪದ ಇತಿಹಾಸಕಾರರು ಇದ್ದಾರೆ, ಇನ್ನೂ ಹಿಂದಿನ ಉಲ್ಲೇಖ ಇದೆ ಅನ್ನೋರಿದ್ದಾರೆ. ಇರಲಿ, ವಾದ ನಡೆಯಲಿ. ಆದರೆ ಅವರು ತಾರೀಖಿಗೆ ಯಾಕೆ ಅಷ್ಟು ಒದ್ದಾಡಿದರು ಅಂತ ಯೋಚನೆ ಮಾಡಿ. "ಇದು ಅನಾದಿ ಕಾಲದಿಂದ ಬಂದದ್ದು" ಅಂತ ಹೇಳ್ತಿದ್ದವರ ಮುಂದೆ ಹೋಗಿ, ಇಲ್ಲ ಸ್ವಾಮಿ, ಇದಕ್ಕೆ ಹುಟ್ಟಿದ ದಿನ ಇದೆ, ಕಾರಣ ಇದೆ, ಮಾಡಿದವರಿದ್ದಾರೆ ಅಂತ ತೋರಿಸಬೇಕಾಗಿತ್ತು. ನಮ್ಮ ಊರಲ್ಲಿ ಈಗಲೂ ದೇವಸ್ಥಾನದ ಮುಂದೆ ನಿಲ್ಲಿಸಿ ಹೇಳೋದೇ ಇದನ್ನ, "ಹಿಂದಿನಿಂದ ನಡೆದು ಬಂದ ಪದ್ಧತಿ ಕಣಪ್ಪ, ನಾವೇನು ಮಾಡಿದ್ದಲ್ಲ". ಎಲ್ಲವನ್ನೂ ಐದು ಸಾವಿರ, ಏಳು ಸಾವಿರ ವರ್ಷ ಹಿಂದಕ್ಕೆ ತಳ್ಳೋರ ಕೆಲಸ ಈ ಮಾತಿಗೆ ರೆಕಾರ್ಡ್ ಒದಗಿಸೋದು.

ಈಗ ನನ್ನ ತಮ್ಮಂದಿರೇ, ನಿಮ್ಮ ಸರದಿ. 1464.

ಪುಣೆಯ ಭಂಡಾರ್ಕರ್ ಸಂಸ್ಥೆಯಲ್ಲಿ ಋಗ್ವೇದದ ಮೂವತ್ತು ಹಸ್ತಪ್ರತಿಗಳಿವೆ. 2007ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಅವುಗಳಲ್ಲಿ ಹಳೆಯದರ ತಾರೀಖು 1464. ಇಷ್ಟು ನಿಜ. ಆದರೆ ಅದು ನಕಲು ಬರೆದ ತಾರೀಖು. ನೀನು ತಾಲ್ಲೂಕಾಫೀಸಿಗೆ ಹೋಗಿ ನಿಮ್ಮ ತಾತನ 1950ನೇ ಇಸವಿಯ ಪತ್ರದ ದೃಢೀಕೃತ ನಕಲು ತಗೊಂಡರೆ ಅದರ ಮೇಲೆ ಇವತ್ತಿನ ಸೀಲು ಇರುತ್ತೆ. ಹಾಗಂತ ನಿಮ್ಮ ತಾತ ಇವತ್ತು ಹುಟ್ಟಿದನಾ? ಇದೇ ಲೆಕ್ಕ ಹಿಡಿದರೆ ನಮ್ಮ ಗತಿ ಏನು? ಈಗ ಸಿಗೋ ಪಾಲಿ ತ್ರಿಪಿಟಕದ ಓಲೆಗರಿಗಳಲ್ಲಿ ಬಹುಪಾಲು ಕಳೆದ ಕೆಲವೇ ಶತಮಾನದವು. ವಚನಗಳ ಓಲೆಗರಿಗಳೂ ಶರಣರ ಕಾಲಕ್ಕಿಂತ ಈಚಿನವು. ಆ ಕಡೆಯವರು ತಿರುಗಿಸಿ ಕೇಳಿದರೆ ಬುದ್ಧನನ್ನೂ ಬಸವಣ್ಣನನ್ನೂ ನಾವೇ ಬಿಟ್ಟುಕೊಟ್ಟ ಹಾಗಾಗುತ್ತೆ.

ಬುದ್ಧನ ಕಾಲದಲ್ಲಿ ಬ್ರಾಹ್ಮಣರೇ ಇರಲಿಲ್ಲ ಅಂದರೆ ಅವನು ವಾದ ಮಾಡಿದ್ದು ಯಾರ ಜೊತೆ? ದೀಘನಿಕಾಯದ ತೇವಿಜ್ಜ ಸುತ್ತ ಓದಿ. ಮೂರು ವೇದ ಬಲ್ಲ ಬ್ರಾಹ್ಮಣರನ್ನ ಕೂರಿಸಿಕೊಂಡು, ನಿಮ್ಮಲ್ಲಿ ಯಾರಾದರೂ ಬ್ರಹ್ಮನನ್ನ ಕಣ್ಣಾರೆ ಕಂಡಿದ್ದೀರಾ ಅಂತ ಕೇಳ್ತಾನೆ. ಅಶೋಕನ ಶಾಸನದಲ್ಲೇ ಬ್ರಾಹ್ಮಣರ ಹೆಸರಿದೆ, ಶ್ರಮಣರ ಜೊತೆಯಲ್ಲೇ. ಇನ್ನೂ ಹಿಂದೆ, ಈಗಿನ ಟರ್ಕಿಯಲ್ಲಿ ಸಿಕ್ಕ ಮಿತಾನ್ನಿ ದೊರೆಗಳ ಒಪ್ಪಂದದಲ್ಲಿ, ಕ್ರಿ.ಪೂ. 14ನೇ ಶತಮಾನದ್ದು, ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರಿದೆ. ಅವರು ಇರಲಿಲ್ಲ ಅಂದುಬಿಟ್ಟರೆ ಬುದ್ಧ ಮಾಡಿದ್ದಕ್ಕೆ ಬೆಲೆ ಏನು? ಎದುರಾಳಿಯೇ ಇಲ್ಲದ ಅಖಾಡದಲ್ಲಿ ತೊಡೆ ತಟ್ಟಿದ ಹಾಗೆ.

ನಿನ್ನ ಪೋಸ್ಟರಲ್ಲಿ ಒಂದು ಕಾಳು ಸತ್ಯ ಇತ್ತು, ಅದನ್ನ ಇಟ್ಟುಕೋ. ಕಲ್ಲಿನ ಮೇಲೆ ನೋಡಿದರೆ ಪ್ರಾಕೃತ ಮೊದಲು, ಸಂಸ್ಕೃತ ಆಮೇಲೆ. ಅಶೋಕ ಜನರ ಜೊತೆ ಪ್ರಾಕೃತದಲ್ಲಿ ಮಾತಾಡಿದ. ಸಂಸ್ಕೃತದ ದೊಡ್ಡ ಶಾಸನಕ್ಕೆ ಕ್ರಿ.ಶ. 150ರ ಸುಮಾರಿನ ರುದ್ರದಾಮನವರೆಗೆ ಕಾಯಬೇಕು. ರಾಜಾಜ್ಞೆ ಜನರ ಮಾತಲ್ಲಿ ಶುರುವಾದ ದೇಶ ಇದು ಅಂತ ಎದೆ ಎತ್ತಿ ಹೇಳು, ಯಾರೂ ಅಲ್ಲಗಳೆಯೋಕೆ ಆಗಲ್ಲ. ಅದು ಬಿಟ್ಟು 1464 ಹಿಡಿದುಕೊಂಡು ಹೋದರೆ, ಅವರ ಕಡೆಯ ಹೈಸ್ಕೂಲ್ ಹುಡುಗನೂ ನಿನ್ನನ್ನ ಕೂರಿಸ್ತಾನೆ.

ಬುದ್ಧನ ಕಾಲ ಪಕ್ಕಾನಾ ಅಂದರೆ, ಪಕ್ಕಾ ಇಲ್ಲ. ಸಿಂಹಳ ಸಂಪ್ರದಾಯ ಪರಿನಿಬ್ಬಾಣವನ್ನ ಕ್ರಿ.ಪೂ. 544ಕ್ಕೆ ಇಡುತ್ತೆ. ಬಹಳ ಕಾಲ ಇತಿಹಾಸಕಾರರು 483ರ ಸುಮಾರು ಅಂತಿದ್ದರು, ಈಚೆಗೆ ಅನೇಕರು ಕ್ರಿ.ಪೂ. 400ರ ಹತ್ತಿರಕ್ಕೆ ತರ್ತಾರೆ. ಸಿಂಹಳದ ಲೆಕ್ಕದ ಪ್ರಕಾರವೇ 1956ರಲ್ಲಿ ಬುದ್ಧನ 2500ನೇ ವರ್ಷ ಆಚರಿಸಿದರು, ಅದೇ ವರ್ಷ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಬಾಬಾಸಾಹೇಬರು ದೀಕ್ಷೆ ತಗೊಂಡರು. ನೂರು, ನೂರೈವತ್ತು ವರ್ಷದ ಒಳಗೆ ವಾದ ಇದೆ. ಸಾವಿರದ ಮುನ್ನೂರು ವರ್ಷದ ವಾದ ಇಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರೆಯೋ ಷರಾ ಕಾಲಂ ನಮ್ಮ ರಿಜಿಸ್ಟರಲ್ಲೂ ಇರಬೇಕು.

ನಿನ್ನೆ ರಾತ್ರಿ ಆ ಹುಡುಗ ಫೋನ್ ಮಾಡಿದ್ದ. "ಅಣ್ಣ, ಪೋಸ್ಟರ್ ಡಿಲೀಟ್ ಮಾಡ್ಲಾ?" ಅಂದ. ಬೇಡ ಕಣೋ, ಅಲ್ಲೇ ಕೆಳಗೆ ತಿದ್ದುಪಡಿ ಹಾಕು ಅಂದೆ. ಹಾಕಿದಾನೆ, ನೋಡಿ. ನನಗಿಂತ ಧೈರ್ಯ ಜಾಸ್ತಿ ಅವನಿಗೆ. "ಅಶೋಕನ ಕಲ್ಲು ನೀವು ನೋಡಿದೀರಾ?" ಅಂತ ಕೇಳಿದ. ಬ್ರಹ್ಮಗಿರಿ ನೋಡಿದೀನಿ, ಮಸ್ಕಿ ಇನ್ನೂ ನೋಡಿಲ್ಲ ಅಂದೆ.

ಹಾಗಾಗಿ ಮುಂದಿನ ತಿಂಗಳ ಎರಡನೇ ಶನಿವಾರ ಬ್ರಹ್ಮಗಿರಿಗೆ ಹೋಗೋಣ ಅಂತ ಮಾತಾಗಿದೆ. ಒಂದು ಟೆಂಪೋ ಟ್ರಾವೆಲರ್ ಮಾಡೋಣ, ಖರ್ಚು ಹಂಚಿಕೊಳ್ಳೋಣ, ಬುತ್ತಿ ಮನೆಯಿಂದಲೇ. ಮಕ್ಕಳನ್ನ ಕರೆತನ್ನಿ. ಬರೋರು ಕೆಳಗೆ ಹೆಸರು ಹಾಕಿ. ನಮ್ಮ ಆಫೀಸಿನ ಸಾಹೇಬರಿಗೂ ಹೇಳಿದೀನಿ, "ನೋಡೋಣ ರೀ" ಅಂದಿದಾರೆ.